ಕಂಡದ್ದು, ಅಂದುಕೊಂಡದ್ದು: ನಿಮ್ಮ ತರಗತಿಯಲ್ಲೇ ಕ್ರಿಯಾ ಸಂಶೋಧನೆ ಮಾಡುವ ಬಗೆ

"ಎಲ್ಲರಿಗೂ ಅರ್ಥ ಆಯ್ತಾ?" ಎಂದು ಕೇಳುತ್ತೇವೆ. "ಆಯ್ತು" ಎಂದು ಇಡೀ ತರಗತಿ ಒಟ್ಟಿಗೆ ಕೂಗುತ್ತದೆ. ನಮಗೂ ಸಮಾಧಾನ. ಮಾರನೇ ದಿನ ನೋಟ್‌ಬುಕ್ ತಿದ್ದಲು ಕೂತರೆ ಒಂದರ ಹಿಂದೆ ಒಂದರಲ್ಲಿ ಅದೇ ತಪ್ಪು. ಆ ಕೂಗಿಗೂ ಈ ನೋಟ್‌ಬುಕ್ಕಿಗೂ ನಡುವೆ ಏನಾಯಿತು? ಈ ಪ್ರಶ್ನೆಯನ್ನು ಬಿಡದೆ ಹಿಡಿದು, ನಮ್ಮದೇ ತರಗತಿಯಲ್ಲಿ ಉತ್ತರ ಹುಡುಕುವುದಕ್ಕೆ ಕ್ರಿಯಾ ಸಂಶೋಧನೆ ಎನ್ನುತ್ತಾರೆ.

ಹೆಸರು ಕೇಳಿದರೆ ಭಾರ ಅನ್ನಿಸುತ್ತದೆ. ತರಬೇತಿಯ ದಿನಗಳಲ್ಲಿ ಅಂಕಕ್ಕಾಗಿ ಬರೆದು ಕೊಟ್ಟ ಫೈಲು ಹಲವರಿಗೆ ನೆನಪಾಗಬಹುದು. ಅದನ್ನು ಸದ್ಯಕ್ಕೆ ಮರೆತುಬಿಡಿ. ಇಲ್ಲಿ ಬೇಕಾಗಿರುವುದು ಒಂದು ನೋಟ್‌ಬುಕ್, ದಿನಕ್ಕೆ ಹತ್ತು ನಿಮಿಷ, ಒಂದು ಸಣ್ಣ ಪ್ರಶ್ನೆ, ಆರೇಳು ವಾರದ ತಾಳ್ಮೆ. ಇಷ್ಟೇ.

ಈ ಯೋಚನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1910ರಲ್ಲೇ ಹೀಗೆ ತಡೆದು ಯೋಚಿಸುವ ಗುಣದ ಬಗ್ಗೆ ಬರೆದರು. 1946ರಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರು ಯೋಜಿಸು, ಮಾಡು, ಫಲ ನೋಡು, ಮತ್ತೆ ಯೋಜಿಸು ಎಂಬ ಸುತ್ತನ್ನು ವಿವರಿಸಿದರು. 1953ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಸ್ಟೀಫನ್ ಕೋರಿ ಅದನ್ನು ಶಾಲೆಗಳ ಕೆಲಸಕ್ಕೆ ಹೊಂದಿಸಿದರು. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಇನ್ನೂ ಮುಂದೆ ಹೋಗಿ, ಶಿಕ್ಷಕರೇ ಸಂಶೋಧಕರಾಗಬೇಕು ಎಂದು ವಾದಿಸಿದರು. ಅವರ ಮಾತು ನನಗೆ ಬಹಳ ಹಿಡಿಸುತ್ತದೆ. ನಿಮ್ಮ ತರಗತಿಯ ಮಕ್ಕಳನ್ನು ದಿನವೂ ನೋಡುವವರು ನೀವು. ಹೊರಗಿನಿಂದ ಬಂದವರಿಗೆ ಆ ಅವಕಾಶ ಇಲ್ಲ.

ಮೊದಲ ಹೆಜ್ಜೆ: ಎರಡು ಕಾಲಂನ ಡೈರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ 'ಕಂಡದ್ದು', ಬಲಗಡೆ 'ಅಂದುಕೊಂಡದ್ದು' ಎಂದು ಬರೆಯಿರಿ. ಈ ಬರಹದಲ್ಲಿ ನೀವು ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನೇ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಯಾಕೆ ಎರಡು ಕಾಲಂ? ಪಾಠ ಮುಗಿಸಿ ಹೊರಬಂದಾಗ ತಲೆಯಲ್ಲಿ ಇರುವುದು ಬಹುಪಾಲು ತೀರ್ಪುಗಳೇ. "ಇವತ್ತು ಮಕ್ಕಳಿಗೆ ಆಸಕ್ತಿ ಇರಲಿಲ್ಲ." "ಪಾಠ ಚೆನ್ನಾಗಿ ಆಯ್ತು." ಇವು ಬಲಗಡೆಯ ಮಾತುಗಳು. ಎಡಗಡೆ ಏನು ಬರೆಯುತ್ತೀರಿ? ಆಸಕ್ತಿ ಇರಲಿಲ್ಲ ಎಂದು ಅನ್ನಿಸಲು ನೀವು ಕಂಡದ್ದು ಏನು? ಮೂವರು ಕಿಟಕಿ ಕಡೆ ನೋಡುತ್ತಿದ್ದರು. ಕೊನೆಯ ಸಾಲಿನ ಹುಡುಗಿ ಚಿತ್ರ ಬರೆಯುತ್ತಿದ್ದಳು. ನಾನು ಎರಡನೇ ಉದಾಹರಣೆ ಕೊಟ್ಟಾಗ ಪಿಸುಮಾತು ಶುರುವಾಯಿತು. ಇಷ್ಟು ಬರೆದ ಮೇಲೆ ಬಲಗಡೆಯ ಮಾತು ತಾನಾಗಿ ಬದಲಾಗುತ್ತದೆ. ಬೇಸರ ಬಂದದ್ದು ಪಾಠದ ಮೇಲೋ, ಎರಡನೇ ಉದಾಹರಣೆಯ ಮೇಲೋ? ಕಿಟಕಿ ನೋಡುತ್ತಿದ್ದ ಮೂವರು ಬೇಗ ಮುಗಿಸಿದವರಾ, ಶುರುವನ್ನೇ ಮಾಡದವರಾ? ಈಗ ನಿಮ್ಮ ಕೈಯಲ್ಲಿ ನಿಜವಾದ ಪ್ರಶ್ನೆಗಳು ಇವೆ.

ಪಿರಿಯಡ್ ಮುಗಿದ ತಕ್ಷಣ ಎರಡು ಸಾಲು ಗೀಚಿಕೊಳ್ಳಿ. ಪೂರ್ತಿ ವಾಕ್ಯ ಬೇಡ. ಸಂಜೆ ಹತ್ತು ನಿಮಿಷ ಕೂತು ಅದನ್ನು ಬಿಡಿಸಿ ಬರೆಯಿರಿ. ಸಂಜೆಗೇ ಎಲ್ಲ ಬಿಟ್ಟರೆ ಮಧ್ಯಾಹ್ನದ ಗಲಾಟೆಯೊಂದೇ ನೆನಪಿನಲ್ಲಿ ಉಳಿದಿರುತ್ತದೆ. ದಿನಕ್ಕೆ ಒಂದೇ ಪಿರಿಯಡ್ ಬಗ್ಗೆ ಬರೆದರೆ ಸಾಕು. ಎಲ್ಲದರ ಬಗ್ಗೆ ಬರೆಯಲು ಹೊರಟವರು ಮೊದಲ ವಾರದಲ್ಲೇ ನಿಲ್ಲಿಸಿಬಿಡುತ್ತಾರೆ.

ಡೊನಾಲ್ಡ್ ಶಾನ್ ಎಂಬ ಚಿಂತಕರು 1983ರಲ್ಲಿ ಎರಡು ಬಗೆಯ ಅವಲೋಕನವನ್ನು ಬೇರೆ ಮಾಡಿ ತೋರಿಸಿದರು. ಒಂದು, ಕೆಲಸ ಮಾಡುತ್ತಿರುವಾಗಲೇ ಆಗುವಂಥದ್ದು. ಮಕ್ಕಳ ಮುಖ ನೋಡಿ, ಹೇಳುತ್ತಿದ್ದುದನ್ನು ನಿಲ್ಲಿಸಿ ಬೇರೆ ಉದಾಹರಣೆಗೆ ಹೋಗುತ್ತೀರಲ್ಲ, ಅದು. ಇನ್ನೊಂದು, ಮುಗಿದ ಮೇಲೆ ಕೂತು ಮೆಲುಕು ಹಾಕುವುದು. ಅನುಭವಿ ಶಿಕ್ಷಕರು ಮೊದಲನೆಯದನ್ನು ದಿನಕ್ಕೆ ಎಷ್ಟೋ ಸಲ ಮಾಡುತ್ತಾರೆ. ಆದರೆ ಬರೆದಿಡದ ಕಾರಣ ಅದು ಅಲ್ಲೇ ಕರಗಿ ಹೋಗುತ್ತದೆ. ಪಾಠದ ನಡುವೆ ದಾರಿ ಬದಲಿಸಿದ ಕ್ಷಣಗಳನ್ನು ಡೈರಿಯಲ್ಲಿ ತಪ್ಪದೇ ಗುರುತು ಮಾಡಿ. ನಿಮ್ಮ ಒಳ್ಳೆಯ ಪ್ರಶ್ನೆಗಳು ಅಲ್ಲೇ ಅಡಗಿರುತ್ತವೆ.

ಎರಡನೇ ಹೆಜ್ಜೆ: ಒಂದೇ ಪ್ರಶ್ನೆ

ಎರಡು ವಾರದ ಡೈರಿ ಆದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಎಲ್ಲ ಪುಟ ಓದಿ. ಮತ್ತೆ ಮತ್ತೆ ಬರುವ ವಿಷಯದ ಕೆಳಗೆ ಗೆರೆ ಹಾಕಿ. ಒಂದನ್ನು ಆರಿಸಿಕೊಳ್ಳಿ. ಒಂದನ್ನೇ.

ಮೊದಮೊದಲು ಪ್ರಶ್ನೆ ತುಂಬಾ ದೊಡ್ಡದಾಗಿರುತ್ತದೆ. "ಮಕ್ಕಳು ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ, ಏನು ಮಾಡಲಿ?" ಇದನ್ನು ಕೆತ್ತುತ್ತಾ ಹೋಗಬೇಕು. ಯಾವ ಮಕ್ಕಳು? ಯಾವ ಪಾಠದಲ್ಲಿ? ಯಾವಾಗ? ಡೈರಿಯ ಎಡಗಡೆ ನೋಡಿದರೆ ಗೊತ್ತಾಗಬಹುದು: ನಾನು ಪ್ರಶ್ನೆ ಕೇಳಿದ ತಕ್ಷಣ ಮುಂದಿನ ಸಾಲಿನ ನಾಲ್ಕು ಜನ ಕೈ ಎತ್ತುತ್ತಾರೆ, ನಾನು ಅವರಲ್ಲೇ ಒಬ್ಬರನ್ನು ಕೇಳುತ್ತೇನೆ, ಉಳಿದವರು ಯೋಚಿಸುವುದನ್ನು ಬಿಟ್ಟುಬಿಡುತ್ತಾರೆ. ಹಾಗಾದರೆ ಪ್ರಶ್ನೆ ಹೀಗಾಗುತ್ತದೆ: "ಪ್ರಶ್ನೆ ಕೇಳಿದ ಮೇಲೆ ಕನಿಷ್ಠ ಮೂರು ಸೆಕೆಂಡ್ ಸುಮ್ಮನೆ ಕಾದರೆ, ಉತ್ತರ ಹೇಳಲು ಮುಂದೆ ಬರುವ ಮಕ್ಕಳು ಜಾಸ್ತಿ ಆಗುತ್ತಾರಾ? ಹಿಂದಿನ ಸಾಲಿನವರೂ ಬರುತ್ತಾರಾ?"

ಈ ಮೂರು ಸೆಕೆಂಡ್ ನಾನು ಸುಮ್ಮನೆ ಹೇಳಿದ ಲೆಕ್ಕ ಅಲ್ಲ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ಪಾಠಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಉತ್ತರವೇ ಬಾರದಿರುವುದು ಕಡಿಮೆಯಾಯಿತು. ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. ಇನ್ನೊಂದನ್ನು ಅವರು ಗಮನಿಸಿದ್ದರು: ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಕಾಯುವುದು ಅಷ್ಟೇ ಮುಖ್ಯ. ನಾವು ತಕ್ಷಣ "ಸರಿ, ಕೂತ್ಕೋ" ಎಂದರೆ ಆ ಮಗುವಿನ ಯೋಚನೆ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿ ಸಿಕ್ಕಿದ ಫಲ ನಿಮ್ಮ ತರಗತಿಯಲ್ಲೂ ಸಿಗುತ್ತದಾ? ಅದನ್ನು ನೋಡುವುದೇ ನಿಮ್ಮ ಸಂಶೋಧನೆ.

ಪ್ರಶ್ನೆ ಸರಿಯಾಗಿದೆಯಾ ಎಂದು ತಿಳಿಯಲು ಮೂರು ಸಂಗತಿ ನೋಡಿ. ಬದಲಾವಣೆ ನಿಮ್ಮ ಕೈಯಲ್ಲಿ ಇರಬೇಕು. "ಮನೆಯಲ್ಲಿ ಓದಿಸುವುದಿಲ್ಲ" ಎನ್ನುವುದು ನಿಜವಾದ ಸಮಸ್ಯೆಯೇ, ಆದರೆ ಅದು ನಿಮ್ಮ ನಲವತ್ತು ನಿಮಿಷದ ಹೊರಗೆ ಇದೆ. ಫಲ ಕೆಲವು ವಾರದಲ್ಲಿ ಕಣ್ಣಿಗೆ ಕಾಣುವಂತಿರಬೇಕು. ಮತ್ತು ಉತ್ತರ ನಿಮಗೆ ನಿಜವಾಗಿಯೂ ಗೊತ್ತಿರಬಾರದು. ಉತ್ತರ ಮೊದಲೇ ತೀರ್ಮಾನಿಸಿಕೊಂಡು ಹೊರಟರೆ ಕಣ್ಣಿಗೆ ಅದೇ ಕಾಣುತ್ತದೆ.

ಮೂರನೇ ಹೆಜ್ಜೆ: ಏನನ್ನೂ ಬದಲಿಸದೆ ಒಂದು ವಾರ ನೋಡುವುದು

ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಪ್ರಶ್ನೆ ಸಿಕ್ಕ ಹುಮ್ಮಸ್ಸಿನಲ್ಲಿ ಮಾರನೇ ದಿನವೇ ಹೊಸ ವಿಧಾನ ಶುರು ಮಾಡುತ್ತಾರೆ. ಆಮೇಲೆ ಸುಧಾರಿಸಿತಾ ಎಂದು ಕೇಳಿದರೆ ಹೋಲಿಸಲು ಏನೂ ಇರುವುದಿಲ್ಲ. ಒಂದು ವಾರ ಎಂದಿನಂತೆ ಪಾಠ ಮಾಡಿ, ಈಗ ಸ್ಥಿತಿ ಹೇಗಿದೆ ಎಂದು ದಾಖಲಿಸಿಕೊಳ್ಳಿ. ದಾಖಲಿಸುವ ದಾರಿಗಳು ಹಲವು. ನಾನು ಹೆಚ್ಚು ನಂಬುವ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮಕ್ಕಳು ಕೂರುವ ಜಾಗದ ನಕ್ಷೆ. ಒಂದು ಹಾಳೆಯಲ್ಲಿ ಬೆಂಚುಗಳ ಚೌಕ ಬರೆಯಿರಿ. ಯಾರು ಉತ್ತರ ಹೇಳುತ್ತಾರೋ ಅವರ ಚೌಕದಲ್ಲಿ ಒಂದು ಗೆರೆ. ವಾರದ ಕೊನೆಗೆ ನಕ್ಷೆ ನೋಡಿ. ಯಾವ ಭಾಗ ಪೂರ್ತಿ ಖಾಲಿ ಉಳಿದಿದೆ? ಹೆಣ್ಣುಮಕ್ಕಳು ಕೂರುವ ಕಡೆ ಎಷ್ಟು ಗೆರೆ? ನಾನು ನಿಲ್ಲುವ ಜಾಗಕ್ಕೂ ಗೆರೆಗಳಿಗೂ ಸಂಬಂಧ ಇದೆಯಾ? ಎಲ್ಲರನ್ನೂ ಸಮಾನವಾಗಿ ಕೇಳುತ್ತೇನೆ ಎಂದು ಪ್ರಾಮಾಣಿಕವಾಗಿ ನಂಬಿದವರಿಗೂ ಈ ಹಾಳೆ ಬೇರೆ ಚಿತ್ರ ತೋರಿಸಬಹುದು.

ಧ್ವನಿಮುದ್ರಣ. ಫೋನನ್ನು ಮೇಜಿನ ಮೇಲೆ ಇಟ್ಟು ಒಂದು ಪಿರಿಯಡ್ ರೆಕಾರ್ಡ್ ಮಾಡಿ. ಪೂರ್ತಿ ಕೇಳಬೇಕಾಗಿಲ್ಲ, ನಡುವಿನ ಹತ್ತು ನಿಮಿಷ ಕೇಳಿ. ಯಾರು ಎಷ್ಟು ಹೊತ್ತು ಮಾತಾಡಿದರು ಎಂದು ಲೆಕ್ಕ ಹಾಕಿ. ಇದನ್ನು ಬಹಳ ಶಿಸ್ತಾಗಿ ಮಾಡುವ ವಿಧಾನವನ್ನು ಅಮೆರಿಕದ ಶಿಕ್ಷಣ ಸಂಶೋಧಕ ನೆಡ್ ಫ್ಲಾಂಡರ್ಸ್ ಕೊಟ್ಟಿದ್ದಾರೆ. ಪ್ರತಿ ಮೂರು ಸೆಕೆಂಡಿಗೊಮ್ಮೆ, ಆ ಕ್ಷಣದಲ್ಲಿ ನಡೆಯುತ್ತಿರುವುದನ್ನು ಹತ್ತು ವರ್ಗಗಳಲ್ಲಿ ಒಂದಕ್ಕೆ ಸೇರಿಸಿ ಗುರುತು ಮಾಡುವುದು. ಅದರಲ್ಲಿ ಏಳು ವರ್ಗ ಶಿಕ್ಷಕರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಒಂದು ಮೌನ ಅಥವಾ ಗದ್ದಲಕ್ಕೆ. ಮನೆಯಲ್ಲಿ ಕೂತು ಕೇಳುವಾಗ ನಿಮಗೆ ಹತ್ತು ವರ್ಗ ಬೇಡ. ನಾನು, ಮಗು, ಮೌನ ಎಂಬ ಮೂರೇ ಸಾಕು. ಮೊದಲ ಸಲ ಕೇಳುವಾಗ ಕಷ್ಟ ಆಗುತ್ತದೆ, ನಿಜ. ಎರಡನೇ ಸಲಕ್ಕೆ ಕಿವಿ ನಿಮ್ಮ ದನಿಯನ್ನು ಬಿಟ್ಟು ಮಕ್ಕಳ ಕಡೆ ಹೋಗುತ್ತದೆ.

ನೋಟ್‌ಬುಕ್ ರಾಶಿಗಳು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸರಿ, ತಪ್ಪು ಎಂದು ಗುರುತು ಹಾಕಿ ಅಂಕ ಕೊಟ್ಟರೆ ಆ ಅಂಕ ನಿಮಗೆ ಏನನ್ನೂ ಕಲಿಸುವುದಿಲ್ಲ. ತಪ್ಪಿನ ಬಗೆಯ ಮೇಲೆ ರಾಶಿ ಮಾಡಿ. 1/2ಕ್ಕೆ 1/3 ಕೂಡಿಸಿ ಎಂಬ ಲೆಕ್ಕ ತೆಗೆದುಕೊಳ್ಳಿ. ಸರಿ ಉತ್ತರ 5/6. ಕೆಲವರು 2/5 ಎಂದು ಬರೆದಿರುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ. ಕೆಲವರು 2/6 ಎಂದು ಬರೆದಿರುತ್ತಾರೆ. ಛೇದವನ್ನು 6 ಮಾಡಿದ್ದಾರೆ, ಅಂಶವನ್ನು ಬದಲಿಸುವುದು ಬಿಟ್ಟಿದ್ದಾರೆ. ಕೆಲವರ ದಾರಿ ಸರಿ ಇದೆ, ಗುಣಿಸುವಾಗ ಕೈತಪ್ಪಿದೆ. ಕೆಲವರು ಏನೂ ಬರೆದಿಲ್ಲ. ನಾಲ್ಕು ರಾಶಿ, ನಾಲ್ಕು ಬೇರೆ ಕಾಯಿಲೆ. 2/5 ಬರೆದ ಮಗುವಿಗೆ ನಿಯಮವನ್ನು ಇನ್ನೊಮ್ಮೆ ಹೇಳಿ ಪ್ರಯೋಜನ ಇಲ್ಲ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗಲು ಹೇಗೆ ಸಾಧ್ಯ ಎಂದು ಆ ಮಗುವೇ ಬೆರಗಾಗಬೇಕು. ಅದಕ್ಕೆ ಕಾಗದದ ಪಟ್ಟಿ ಬೇಕು, ಮಡಚಿ ನೋಡಬೇಕು. 2/6 ಬರೆದ ಮಗುವಿಗೆ ಸಮಾನ ಭಿನ್ನರಾಶಿಯ ಪಾಠಕ್ಕೆ ಹಿಂದೆ ಹೋಗಬೇಕು. ಒಂದೇ ಅಂಕ ಪಡೆದ ಇಬ್ಬರಿಗೆ ಬೇಕಾದ ಸಹಾಯ ಬೇರೆ ಬೇರೆ, ಅಲ್ವಾ?

ಮಾತು. ಪ್ರತಿ ರಾಶಿಯಿಂದ ಒಬ್ಬೊಬ್ಬರನ್ನು ಕರೆದು, "ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು" ಎಂದು ಕೇಳಿ. ತಿದ್ದಬೇಡಿ. ಮುಖದಲ್ಲೂ ತಿದ್ದಬೇಡಿ. ಪೂರ್ತಿ ಕೇಳಿಸಿಕೊಳ್ಳಿ, ಮಗು ಆಡಿದ ಮಾತನ್ನು ಹಾಗೇ ಬರೆದುಕೊಳ್ಳಿ. ಎಷ್ಟೋ ಸಲ ಮಗುವಿನ ತಪ್ಪಿಗೆ ಅದರದ್ದೇ ಒಂದು ತರ್ಕ ಇರುತ್ತದೆ. 0.45 ದೊಡ್ಡದು, 0.5 ಚಿಕ್ಕದು ಎಂದ ಮಗುವನ್ನು ಕೇಳಿ ನೋಡಿ. "45 ದೊಡ್ಡದಲ್ವಾ?" ಎಂಬ ಉತ್ತರ ಬರುತ್ತದೆ. ಪೂರ್ಣ ಸಂಖ್ಯೆಗೆ ಕಲಿತ ನಿಯಮವನ್ನು ದಶಮಾಂಶಕ್ಕೂ ಹಚ್ಚಿದೆ, ಅಷ್ಟೇ. ಇದು ಅಜಾಗರೂಕತೆ ಅಲ್ಲ.

ಚೀಟಿ. ಪಾಠದ ಕೊನೆಯ ಮೂರು ನಿಮಿಷ, ಸಣ್ಣ ಕಾಗದದಲ್ಲಿ ಒಂದೇ ಪ್ರಶ್ನೆಗೆ ಉತ್ತರ. ಹೆಸರು ಬೇಕಾಗಿಲ್ಲ. "ಇವತ್ತು ಎಲ್ಲಿ ಗೊಂದಲ ಆಯ್ತು?" ಎಂದರೂ ಸರಿ.

ಇವೆಲ್ಲವನ್ನೂ ಮಾಡಬೇಡಿ. ಪ್ರಶ್ನೆಗೆ ಹೊಂದುವ ಎರಡು ಮೂರನ್ನು ಆರಿಸಿ. ಒಂದೇ ದಾರಿಯನ್ನು ನೆಚ್ಚಿಕೊಂಡರೆ ಮೋಸ ಹೋಗುವ ಸಾಧ್ಯತೆ ಹೆಚ್ಚು. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಎಲಿಯಟ್ ಮತ್ತು ಸಂಗಡಿಗರು ಒಂದೇ ಪಾಠವನ್ನು ಮೂರು ಕಡೆಯಿಂದ ನೋಡುವ ಕ್ರಮ ಬಳಸಿದರು: ಶಿಕ್ಷಕರು ಏನು ಹೇಳುತ್ತಾರೆ, ಮಕ್ಕಳು ಏನು ಹೇಳುತ್ತಾರೆ, ಕೂತು ನೋಡಿದ ಮೂರನೆಯವರು ಏನು ಹೇಳುತ್ತಾರೆ. ಮೂರೂ ಒಂದೇ ಮಾತು ಹೇಳಿದರೆ ಧೈರ್ಯವಾಗಿ ಮುಂದುವರಿಯಬಹುದು. ಬೇರೆ ಬೇರೆ ಹೇಳಿದರೆ ಇನ್ನೂ ಒಳ್ಳೆಯದು, ಅಲ್ಲೇ ಅಗೆಯಬೇಕು.

ಮಕ್ಕಳಿಗೆ ಕೊಡಬೇಕಾದ ಮರ್ಯಾದೆ

ದಾಖಲೆ ಶುರು ಮಾಡುವ ಮೊದಲೇ ಮಕ್ಕಳಿಗೆ ಹೇಳಿ. "ನಾನು ಇನ್ನೂ ಚೆನ್ನಾಗಿ ಪಾಠ ಮಾಡುವುದನ್ನು ಕಲಿಯುತ್ತಿದ್ದೇನೆ. ಅದಕ್ಕೆ ನಿಮ್ಮ ಸಹಾಯ ಬೇಕು" ಎಂದು ನೇರವಾಗಿ ಹೇಳಿದರೆ ಮಕ್ಕಳು ಬಹಳ ಪ್ರೀತಿಯಿಂದ ಜೊತೆಗೆ ಬರುತ್ತಾರೆ. ರೆಕಾರ್ಡ್ ಮಾಡುವುದಾದರೆ ಮುಖ್ಯ ಶಿಕ್ಷಕರ ಮತ್ತು ಪೋಷಕರ ಒಪ್ಪಿಗೆ ಪಡೆಯಿರಿ. ಕೆಲಸ ಮುಗಿದ ಮೇಲೆ ಅಳಿಸಿಬಿಡಿ. ನಿಮ್ಮ ಡೈರಿ ಇನ್ನೊಬ್ಬರ ಕೈಗೆ ಹೋಗುವುದಾದರೆ ಮಕ್ಕಳ ಹೆಸರಿನ ಬದಲು ಅಕ್ಷರ ಬಳಸಿ. ಹೋಲಿಸಿ ನೋಡಬೇಕು ಎಂಬ ಕಾರಣಕ್ಕೆ, ಒಳ್ಳೆಯದು ಎಂದು ನಿಮಗೇ ಗೊತ್ತಿರುವುದನ್ನು ಅರ್ಧ ತರಗತಿಗೆ ಕೊಡದೇ ಇರಬೇಡಿ. ಅವರಿಗೆ ಈ ವರ್ಷ ಮತ್ತೆ ಸಿಗುವುದಿಲ್ಲ.

ನಾಲ್ಕನೇ ಹೆಜ್ಜೆ: ಒಂದು ಬದಲಾವಣೆ, ಮೂರು ವಾರ

ಈಗ ಬದಲಿಸಿ. ಆದರೆ ಒಂದನ್ನೇ. ಕಾಯುವ ಸಮಯ ಹೆಚ್ಚಿಸಿ, ಅದರ ಜೊತೆಗೇ ಗುಂಪು ಕೆಲಸ ತಂದು, ಕೂರುವ ಜಾಗವನ್ನೂ ಬದಲಿಸಿದರೆ, ಆಮೇಲೆ ಯಾವುದರಿಂದ ಏನಾಯಿತು ಎಂದು ಹೇಳುವುದು ಹೇಗೆ?

ಮಾಡಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ಪಠ್ಯಪುಸ್ತಕಕ್ಕೆ ಅಂಟಿಸಿ. ಉದಾಹರಣೆಗೆ: "ಪ್ರಶ್ನೆ ಕೇಳು. ಮನಸ್ಸಿನಲ್ಲಿ ಮೂರು ಎಣಿಸು. ಆಮೇಲೆ ಒಬ್ಬರನ್ನು ಕರೆ. ಉತ್ತರ ಬಂದ ಮೇಲೆ ಮತ್ತೆ ಮೂರು ಎಣಿಸು." ಮೊದಲ ಎರಡು ಮೂರು ದಿನ ಆ ಮೌನ ಸಹಿಸುವುದು ಕಷ್ಟ. ಮಕ್ಕಳಿಗೂ ಕಸಿವಿಸಿ. ಕೆಲವರು ನೀವು ಮರೆತಿರಿ ಎಂದುಕೊಳ್ಳುತ್ತಾರೆ. ಏನಾದರೂ ಹೊಸದು ಮಾಡಿದಾಗ ಮೊದಮೊದಲು ತರಗತಿ ಸ್ವಲ್ಪ ಹದಗೆಟ್ಟಂತೆ ಕಾಣುವುದು ಸಹಜ. ಮೂರನೇ ದಿನಕ್ಕೆ ಕೈ ಬಿಡಬೇಡಿ, ಮೂರು ವಾರ ಕೊಡಿ. ಒಂದು ಮಗುವಿಗೆ ನೋವಾಗುತ್ತಿದೆ ಅನ್ನಿಸಿದರೆ ಮಾತ್ರ ತಕ್ಷಣ ನಿಲ್ಲಿಸಿ.

ಡೈರಿ ಮುಂದುವರಿಯಲಿ. ಅಂದುಕೊಂಡ ಹಾಗೆ ಮಾಡದ ದಿನಗಳನ್ನೂ ಬರೆಯಿರಿ. "ಇವತ್ತು ಆತುರದಲ್ಲಿ ಕಾಯಲಿಲ್ಲ" ಎಂಬ ಸಾಲು ಕೊನೆಗೆ ಬಹಳ ಉಪಯೋಗಕ್ಕೆ ಬರುತ್ತದೆ. ಕೊನೆಯ ವಾರದಲ್ಲಿ, ಮೊದಲ ವಾರ ಹೇಗೆ ದಾಖಲಿಸಿದ್ದಿರೋ ಅದೇ ರೀತಿ ದಾಖಲಿಸಿ. ಅದೇ ನಕ್ಷೆ, ಅದೇ ಹೊತ್ತಿನ ಪಿರಿಯಡ್, ಅಷ್ಟೇ ಕಷ್ಟದ ಪ್ರಶ್ನೆಗಳು.

ಐದನೇ ಹೆಜ್ಜೆ: ಸಾಕ್ಷಿಯನ್ನು ಓದುವುದು

ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಡಿ. ಹೀಗಾಗಿದೆ ಎಂದಿಟ್ಟುಕೊಳ್ಳಿ: 40 ಮಕ್ಕಳಲ್ಲಿ ಮೊದಲ ವಾರ 9 ಜನ ಉತ್ತರ ಹೇಳಿದ್ದರು, ಕೊನೆಯ ವಾರ 17 ಜನ. ಸಂತೋಷದ ವಿಷಯವೇ. ಆದರೆ ಅಲ್ಲಿಗೇ ನಿಲ್ಲಬೇಡಿ. ಹೊಸ ಎಂಟು ಜನ ಯಾರು? ಎಲ್ಲರೂ ನಡುವಿನ ಸಾಲಿನವರಾಗಿ, ಹಿಂದಿನ ಎರಡು ಸಾಲು ಇನ್ನೂ ಖಾಲಿ ಇದ್ದರೆ, ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ "ಇಲ್ಲ". ಸರಾಸರಿ ನೋಡುವಾಗ ಇಂಥ ಮಕ್ಕಳು ಕಾಣದೆ ಹೋಗುತ್ತಾರೆ. ಹಾಗಾಗಿ ಯಾರಿಗೆ ಇದರಿಂದ ಏನೂ ಆಗಲಿಲ್ಲ ಎಂಬ ಪಟ್ಟಿಯನ್ನು ಕಡ್ಡಾಯವಾಗಿ ಮಾಡಿ.

ನಾವೇ ಕಷ್ಟಪಟ್ಟು ಮಾಡಿದ್ದು ಫಲ ಕೊಟ್ಟಿರಲಿ ಎಂದು ಮನಸ್ಸು ಬಯಸುತ್ತದೆ. ಆ ಬಯಕೆಯೂ 'ಅಂದುಕೊಂಡದ್ದು' ಕಾಲಂಗೇ ಸೇರಬೇಕು. ಬೇರೆ ಕಾರಣ ಇರಬಹುದಾ ಎಂದು ಪಟ್ಟಿ ಮಾಡಿ. ಎರಡನೇ ಸಲದ ಪ್ರಶ್ನೆಗಳು ಸುಲಭವಾಗಿದ್ದವಾ? ಪಾಠವೇ ಮಕ್ಕಳಿಗೆ ಇಷ್ಟವಾಗುವಂಥದ್ದಾ? ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆ ಎಂಬ ಕಾರಣಕ್ಕೇ ಮಕ್ಕಳು ಉತ್ಸಾಹ ತೋರಿಸಿದರಾ? ಇನ್ನೊಂದು ಬಲೆ ಇದೆ. ಒಂದು ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಬಂದವರನ್ನೇ ಆರಿಸಿ ಅವರಿಗೆ ಹೊಸ ವಿಧಾನ ಮಾಡಿದರೆ, ಮುಂದಿನ ಪರೀಕ್ಷೆಯಲ್ಲಿ ಅವರ ಅಂಕ ಹೇಗೂ ಸ್ವಲ್ಪ ಏರುವುದೇ ಹೆಚ್ಚು. ಮೊದಲ ಪರೀಕ್ಷೆಯ ದಿನ ಒಬ್ಬರಿಗೆ ಜ್ವರ ಇದ್ದಿರಬಹುದು, ಇನ್ನೊಬ್ಬರು ಪ್ರಶ್ನೆ ತಪ್ಪಾಗಿ ಓದಿರಬಹುದು. ಅಂಥ ಏರಿಕೆಯನ್ನು ವಿಧಾನದ ಗೆಲುವು ಎಂದು ಬರೆದುಕೊಳ್ಳುವ ತಪ್ಪು ಸುಲಭವಾಗಿ ಆಗುತ್ತದೆ.

ಒಂದು ತರಗತಿಯ ಫಲದಿಂದ ಎಲ್ಲ ತರಗತಿಗೂ ನಿಯಮ ಮಾಡಲು ಆಗುವುದಿಲ್ಲ. ಅದು ಈ ಕೆಲಸದ ಗುರಿಯೂ ಅಲ್ಲ. ನಿಮ್ಮ ಎದುರು ಕೂತಿರುವ ಮಕ್ಕಳಿಗೆ ಮುಂದಿನ ವಾರ ಏನು ಮಾಡಬೇಕು ಎಂದು ಈಗ ಗೊತ್ತಾಗಿದೆಯಾ? ಗೊತ್ತಾಗಿದ್ದರೆ ಕೆಲಸ ಸಾರ್ಥಕ. ಬದಲಾವಣೆ ಫಲ ಕೊಡಲಿಲ್ಲ ಎಂದು ಗೊತ್ತಾದರೂ ಅಷ್ಟೇ ಬೆಲೆ.

ಆರನೇ ಹೆಜ್ಜೆ: ಇನ್ನೊಬ್ಬರ ಕಣ್ಣು

ಒಬ್ಬರೇ ಎಷ್ಟು ನೋಡಿದರೂ ಕಾಣದ ಮೂಲೆಗಳು ಉಳಿಯುತ್ತವೆ. ಶಿಕ್ಷಣ ಚಿಂತಕ ಸ್ಟೀಫನ್ ಬ್ರೂಕ್‌ಫೀಲ್ಡ್ 1995ರಲ್ಲಿ ಶಿಕ್ಷಕರಿಗೆ ನಾಲ್ಕು ಕನ್ನಡಕಗಳನ್ನು ತೋರಿಸಿದರು: ನಮ್ಮದೇ ಅನುಭವ, ಮಕ್ಕಳ ಕಣ್ಣು, ಸಹೋದ್ಯೋಗಿಗಳ ಕಣ್ಣು, ಓದು. ಇವುಗಳಲ್ಲಿ ಮೂರನೆಯದಕ್ಕೇ ನಾವು ಹೆಚ್ಚು ಹೆದರುತ್ತೇವೆ. ನಮ್ಮ ತರಗತಿಗೆ ಬಂದು ಕೂರುವವರು ತಪಾಸಣೆಗೆ ಬಂದವರೇ ಎಂಬ ಅಭ್ಯಾಸ ಬೆಳೆದುಬಿಟ್ಟಿದೆ.

ಜಪಾನಿನ ಶಿಕ್ಷಕರ ಕ್ರಮ ಇಲ್ಲಿ ದಾರಿ ತೋರಿಸುತ್ತದೆ. ಅವರು ಇದನ್ನು 'ಜುಗ್ಯೋ ಕೆನ್‌ಕ್ಯೂ', ಅಂದರೆ ಪಾಠದ ಅಧ್ಯಯನ ಎನ್ನುತ್ತಾರೆ. ಕೆಲವು ಶಿಕ್ಷಕರು ಸೇರಿ ಒಂದು ಪಾಠ ಯೋಜಿಸುತ್ತಾರೆ. ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಕೂತು ಮಕ್ಕಳನ್ನು ನೋಡುತ್ತಾರೆ. ಆಮೇಲೆ ಎಲ್ಲರೂ ಸೇರಿ ಚರ್ಚಿಸುತ್ತಾರೆ. ಪಾಠ ಒಬ್ಬರದ್ದಲ್ಲ, ಎಲ್ಲರದ್ದು. ಹಾಗಾಗಿ ಚರ್ಚೆಯಲ್ಲಿ ಯಾರನ್ನೂ ಅಳೆಯುವ ಮಾತು ಬರುವುದಿಲ್ಲ.

ನಿಮಗೆ ಒಬ್ಬರೇ ಗೆಳೆಯರು ಸಿಕ್ಕರೂ ಸಾಕು. ಅವರಿಗೆ ಮೊದಲೇ ಹೇಳಿ: "ನನ್ನನ್ನು ನೋಡಬೇಡಿ. ಹಿಂದಿನ ಸಾಲಿನ ಈ ಮೂವರನ್ನು ಮಾತ್ರ ನೋಡಿ. ನಾನು ಪ್ರಶ್ನೆ ಕೇಳಿದಾಗ ಅವರು ಏನು ಮಾಡುತ್ತಾರೆ ಎಂದು ಬರೆದುಕೊಳ್ಳಿ." ಅವರಿಗೂ ಎರಡು ಕಾಲಂನ ಹಾಳೆ ಕೊಡಿ. ಪಾಠ ಆದ ಮೇಲೆ ಎಡಗಡೆಯದನ್ನು ಮಾತ್ರ ಮೊದಲು ಓದಿಸಿ. ಬಲಗಡೆಯದನ್ನು ನೀವಿಬ್ಬರೂ ಕೂತು ತುಂಬಿ. "ಚೆನ್ನಾಗಿತ್ತು ಬಿಡಿ" ಎಂಬ ಮಾತಿನಿಂದ ನಿಮಗೆ ಏನೂ ಸಿಗುವುದಿಲ್ಲ. "ಎರಡನೇ ಹುಡುಗ ಉತ್ತರವನ್ನು ಪಕ್ಕದವನ ಕಿವಿಯಲ್ಲಿ ಹೇಳಿದ, ಕೈ ಮಾತ್ರ ಎತ್ತಲಿಲ್ಲ" ಎಂಬ ಒಂದು ಸಾಲಿನಿಂದ ಇಡೀ ಯೋಚನೆಯೇ ತಿರುಗಬಹುದು.

ಏಳನೇ ಹೆಜ್ಜೆ: ಒಂದು ಪುಟ ಬರೆಯುವುದು

ವರದಿ ಎಂದರೆ ಮೂವತ್ತು ಪುಟ ಬೇಡ, ಒಂದು ಪುಟ ಸಾಕು. ಪ್ರಶ್ನೆ ಏನಿತ್ತು, ಮೊದಲು ಸ್ಥಿತಿ ಹೇಗಿತ್ತು, ಏನು ಬದಲಿಸಿದೆ, ಏನು ಕಂಡೆ, ಯಾರಿಗೆ ಉಪಯೋಗ ಆಗಲಿಲ್ಲ, ಮುಂದೇನು. ಆಗದೇ ಹೋದದ್ದನ್ನು ಮುಚ್ಚಿಡಬೇಡಿ. ಇನ್ನೊಬ್ಬ ಶಿಕ್ಷಕರಿಗೆ ನಿಮ್ಮ ಗೆಲುವಿಗಿಂತ ಅದೇ ಹೆಚ್ಚು ನೆರವಾಗುತ್ತದೆ. ಸ್ಟಾಫ್ ರೂಮಿನಲ್ಲಿ ಓದಿ. ಮಕ್ಕಳಿಗೂ ಓದಿ ಹೇಳಿ, ಅವರು ಕೊಟ್ಟ ಸಹಾಯದಿಂದ ಏನು ತಿಳಿಯಿತು ಎಂದು ಅವರಿಗೂ ಗೊತ್ತಾಗಲಿ.

ಪುಟದ ಕೊನೆಯಲ್ಲಿ ಮುಂದಿನ ಪ್ರಶ್ನೆ ಬರೆಯಿರಿ. ಆಸ್ಟ್ರೇಲಿಯಾದ ಸ್ಟೀಫನ್ ಕೆಮಿಸ್ ಮತ್ತು ರಾಬಿನ್ ಮ್ಯಾಕ್‌ಟಗರ್ಟ್ ಈ ಕೆಲಸವನ್ನು ಸುರುಳಿಯಂತೆ ಬರೆದು ತೋರಿಸಿದರು. ಒಂದು ಸುತ್ತು ಮುಗಿದಲ್ಲಿ ಇನ್ನೊಂದು ಶುರುವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಹೀಗಿರಬಹುದು: "ಉತ್ತರ ಗೊತ್ತಿದ್ದೂ ಕೈ ಎತ್ತದ ಹಿಂದಿನ ಸಾಲಿನ ಮಕ್ಕಳು, ಮೊದಲು ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿಕೊಂಡರೆ, ಆಮೇಲೆ ಎಲ್ಲರ ಮುಂದೆ ಹೇಳುತ್ತಾರಾ?" ಕೆಳಗೆ ದಿನಾಂಕ ಹಾಕಿ. ಪುಟ ತಿರುಗಿಸಿ, ನಡುವೆ ಗೆರೆ ಎಳೆಯಿರಿ.